ಹಿಂದಿನ ಗಾಲಿ ಮತ್ತು ಕೊನೆಯ ಪ್ಯಾರಾ

ಪತ್ರಿಕೆಯಲ್ಲಿ ಕೆಲಸ ಮಾಡುವವನಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ಜನರಲ್ಲಿ ಇನ್ನೂ ಉಳಿದುಕೊಂಡಿದೆ. ಅದು ಸುಳ್ಳೆಂದು ತೋರಿಸಲು ನಾನು ನನ್ನ ಸೇವಾವಧಿಯನ್ನೆಲ್ಲ ಸವೆಸಿದ್ದೇನೆ. ಆದರೂ ಪುಣೆಯ ಬಿಬವೇವಾಡಿಯಲ್ಲಿ ನಾವಿರುವ ಹೌಸಿಂಗ್ ಸೊಸೈಟಿಯವರು ಬಿಡುವುದಿಲ್ಲ. ನಾಳೆ ನೀರು ಬರುತ್ತದೆಯೇ, ಉಳ್ಳಾಗಡ್ಡಿ ಅಗ್ಗವಾಗುತ್ತದೆಯೇ, ಸರಕಾರ ಬೀಳುತ್ತದೆಯೇ ಎಂದು ಮೆಟ್ಟಿಲ ಮೇಲೆ ನಿಲ್ಲಿಸಿ ಕೇಳುತ್ತಾರೆ. ‘ನೋಡಬೇಕು’ ಎನ್ನುತ್ತೇನೆ. ಅವರು ಅದನ್ನೇ ಒಳಗಿನ ಸುದ್ದಿಯೆಂದು ತಿಳಿದು ತಲೆಯಾಡಿಸುತ್ತಾರೆ.

ನಿಜ ಹೇಳಬೇಕೆಂದರೆ ನಾನು ಸುದ್ದಿ ಬರೆಯುವವನೂ ಅಲ್ಲ. ಪುಣೆಯ ಒಂದು ಮರಾಠಿ ದಿನಪತ್ರಿಕೆಯ ಉಪಸಂಪಾದಕ. ಹುಟ್ಟಿದ್ದು ಬೆಳಗಾವಿಯಲ್ಲಾದ್ದರಿಂದ ಎರಡು ಭಾಷೆಗಳು ಬಂದವು, ಎರಡರಲ್ಲೂ ಸ್ವಂತದ್ದೇನನ್ನೂ ಬರೆಯದೆ ಬೇರೆಯವರು ಬರೆದದ್ದನ್ನು ತಿದ್ದುವ ಕೆಲಸ ಸಿಕ್ಕಿತು. ಈ ಕೆಲಸಕ್ಕೆ ಬೇಕಾದದ್ದು ಎರಡೇ ನಿಯಮ. ಒಬ್ಬ ಹೇಳಿದರೆ ಅದು ವದಂತಿ, ಇನ್ನೊಬ್ಬನೂ ಹೇಳಿದರೆ ಸುದ್ದಿ. ಇದು ಮೊದಲನೆಯದು. ಮುಖ್ಯವಾದದ್ದು ಮೊದಲ ಸಾಲಿನಲ್ಲಿರಬೇಕು, ಯಾಕೆಂದರೆ ಸಂಜೆ ತಡವಾಗಿ ಜಾಹೀರಾತು ಬಂದರೆ ಬರಹವನ್ನು ಬಾಲದಿಂದ ಕತ್ತರಿಸಲಾಗುತ್ತದೆ. ಇದು ಎರಡನೆಯದು. ನನ್ನ ಹೆಂಡತಿ ಸರೋಜಾ ಈ ಎರಡನೆಯ ನಿಯಮವನ್ನು ಮನೆಯಲ್ಲಿ ನನ್ನ ಮೇಲೇ ಜಾರಿಗೆ ತಂದಿದ್ದಾಳೆ. ನಾನು ಏನು ಹೇಳಲು ಹೊರಟರೂ ಮೊದಲ ವಾಕ್ಯ ಕೇಳಿ ಅಡಿಗೆಮನೆಗೆ ಹೋಗಿಬಿಡುತ್ತಾಳೆ. ಉಳಿದದ್ದನ್ನು ನಾನು ಫ್ಯಾನಿಗೆ ಹೇಳಿ ಮುಗಿಸುತ್ತೇನೆ.

ಇಷ್ಟು ಪೀಠಿಕೆಗೆ ಕಾರಣ ನನ್ನ ಮಾವನವರ ಪಿಕಪ್. ಮಾವನವರು ಬೆಳಗಾವಿ ಕಡೆ ರಸ್ತೆ, ಮೋರಿ ಕಟ್ಟಿಸುವ ಕಂತ್ರಾಟುದಾರರಾಗಿದ್ದವರು. ಯಾವುದೋ ಸರಕಾರಿ ಇಲಾಖೆಯ ಹರಾಜಿನಲ್ಲಿ ಕೊಂಡ, ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ ಈ ಗಾಡಿಯಲ್ಲಿ ಅವರು ತಮ್ಮ ಜೀವಮಾನದ ಸಿಮೆಂಟನ್ನೆಲ್ಲ ಹೊತ್ತರು. ಅತ್ತೆಯವರು ತೀರಿಕೊಂಡ ಮೇಲೆ ಧಂದೆ ಮುಚ್ಚಿ ಮಗಳ ಮನೆಗೆ ಬಂದಾಗ ಅವರ ಜೊತೆ ಬಂದದ್ದು ಒಂದು ಟ್ರಂಕು, ಒಂದು ಹಿತ್ತಾಳೆಯ ಹಂಡೆ ಮತ್ತು ಈ ಪಿಕಪ್. ಟ್ರಂಕು ಮಂಚದ ಕೆಳಗೆ ಹೋಯಿತು, ಹಂಡೆ ಬಚ್ಚಲಿಗೆ ಹೋಯಿತು. ಪಿಕಪ್ ಸೊಸೈಟಿಯ ಅಂಗಳದಲ್ಲಿ, ಕೆಳಮನೆಯವರು ರಂಗೋಲಿ ಹಾಕುವ ಜಾಗದ ಪಕ್ಕದಲ್ಲಿ ನಿಂತು ದಿನವೂ ತನ್ನದೊಂದು ಕಪ್ಪು ರಂಗೋಲಿ ಹಾಕತೊಡಗಿತು. ಕೆಳಮನೆಯವರು ಆ ಎಣ್ಣೆಯ ಬಗ್ಗೆ ನನಗೇನೂ ಹೇಳಲಿಲ್ಲ. ನಾನು ಕಾಣಿಸಿದಾಗಲೆಲ್ಲ ಬಾಗಿ ನೆಲವನ್ನು ನೋಡುತ್ತಿದ್ದರು, ಅಷ್ಟೆ.

ಪಿಕಪ್ಪಿಗೆ ಒಂದು ಉದ್ಯೋಗವೂ ಇತ್ತು. ಮಾವನವರು ಪುಣೆ ಜಿಲ್ಲೆಯ ಶಿರೂರಿನ ಆಚೆ ಒಂದು ತುಂಡು ಕಪ್ಪುಮಣ್ಣಿನ ಎರಿಹೊಲ ಕೊಂಡು ಜೋಳ ಹಾಕಿಸುತ್ತಿದ್ದರು. ಶೀಗೀ ಹುಣ್ಣಿಮೆಗೆ ಆ ಹೊಲಕ್ಕೆ ಚರಗ ಒಯ್ಯಬೇಕು. ಚರಗವೆಂದರೆ ಭೂತಾಯಿಗೆ ಬಯಕೆಯ ಊಟ. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಪುಂಡಿಪಲ್ಯ, ಎಣ್ಣೆಗಾಯಿ, ಎಲ್ಲವನ್ನೂ ಕಲಸಿ ಹೊಲದ ತುಂಬ ಚೆಲ್ಲುತ್ತಾ ಕೂಗು ಹಾಕಿ, ಆಮೇಲೆ ನಾವು ಉಣ್ಣುವುದು. ಪುಣೆಯಲ್ಲಿ ಬದುಕುವ ನಮಗೆ ವರ್ಷವಿಡೀ ಮರಾಠಿಯಲ್ಲಿ ತರಕಾರಿ ಕೊಂಡು, ಹಿಂದಿಯಲ್ಲಿ ರಿಕ್ಷಾದವನೊಡನೆ ಜಗಳಾಡಿದ ಮೇಲೆ ಅದೊಂದು ದಿನ ಬಾಯಿ ತುಂಬ ಕನ್ನಡದಲ್ಲಿ ಕೂಗಲು ಸಿಗುತ್ತಿತ್ತು.

ತೊಂದರೆಯೆಂದರೆ ಡಾಂಬರು ರಸ್ತೆಯಿಂದ ಹೊಲದವರೆಗಿನ ದಾರಿ. ಮುಂಗಾರು ಹೋಗುವಾಗ ಒಮ್ಮೆ ತಿರುಗಿ ನೋಡಿದರೆ ಸಾಕು, ಆ ಎರಿಮಣ್ಣು ಕಲಸಿದ ಹಿಟ್ಟಾಗುತ್ತಿತ್ತು. ಮಾವನವರ ಮೊಣಕಾಲು ಹೋಗಿದ್ದವು. ಆ ಕೆಸರಿನಲ್ಲಿ ಅವರು ನಡೆಯಲಾರರು. ಗಾಡಿ ಹೋದರೆ ಅವರು ಹೋದಂತೆ, ಇಲ್ಲದಿದ್ದರೆ ಇಲ್ಲ. ಹಿಂದಿನ ವರ್ಷ ಗಾಡಿ ಅರ್ಧ ದಾರಿಯಲ್ಲೇ ಹೂತುಹೋಗಿ, ಪಕ್ಕದ ಹೊಲದ ಬಬನರಾವ್ ತನ್ನ ಟ್ರ್ಯಾಕ್ಟರ್ ತಂದು ಎಳೆದಿದ್ದ. ಎಳೆಯುವಾಗ ಅವನು, ‘ಕಾಕಾ, ಎತ್ತಿನ ಗಾಡಿ ತಗೊಳ್ಳಿ’ ಎಂದು ಮರಾಠಿಯಲ್ಲಿ ಸಲಹೆ ಕೊಟ್ಟಿದ್ದ. ಆಮೇಲೆ ನಾವೆಲ್ಲ ಅವನ ಟ್ರೇಲರಿನಲ್ಲಿ ಕೂತು ಹೊಲಕ್ಕೆ ಹೋದೆವು. ಮಾವನವರು ಹತ್ತಲಿಲ್ಲ. ರಸ್ತೆಯ ಬದಿಗೆ ಕಲ್ಲಿನ ಮೇಲೆ ಕೂತು, ನಾವು ತಿರುಗಿ ಬರುವವರೆಗೂ ಹೊಲವಿರುವ ದಿಕ್ಕಿಗೆ ಬೆನ್ನು ಹಾಕಿದ್ದರು.

ಆ ವರ್ಷವೆಲ್ಲ ಸರೋಜಾ ಸಹಿಸಿಕೊಂಡಳು. ಆಮೇಲೆ ಒಂದು ದಿನ ಶಾಂತವಾಗಿ ತೀರ್ಪು ಕೊಟ್ಟಳು. ‘ಈ ಸಲ ಕೆಸರಿನ್ಯಾಗ ಹೂತ್ರ, ಗಾಡಿ ಮಾರೂದು. ಮುಂದ ಮಾತಿಲ್ಲ.’ ಇಟ್ಟಂಗಿ ವ್ಯಾಪಾರದವನೊಬ್ಬ ಅದನ್ನು ಕೊಳ್ಳಲು ಆಗಲೇ ಎರಡು ಸಲ ಬಂದು ಗಾಲಿಗೆ ಒದ್ದು ಹೋಗಿದ್ದ. ಮಾವನವರು ನನ್ನ ಕಡೆ ನೋಡಿದರು. ಪತ್ರಿಕೆಯವನಿಗೆ ಎಲ್ಲ ಗೊತ್ತಿರುತ್ತದಲ್ಲ.

ಹೀಗೆ ನಾನು ಪಿಂಪ್ರಿಯ ಶಂಕ್ರಣ್ಣನ ಶೆಡ್ಡಿಗೆ ಹೋಗಿಬರುವವನಾದೆ. ಶಂಕ್ರಣ್ಣ ನಿಪ್ಪಾಣಿಯವನು. ಬೆಳಿಗ್ಗೆ ಕಾರ್ಖಾನೆಯ ಪಾಳಿ ಮುಗಿಸಿ ಮಧ್ಯಾಹ್ನದಿಂದ ಸ್ವಂತ ಶೆಡ್ಡಿನಲ್ಲಿ ಗಾಡಿ ಬಿಚ್ಚುತ್ತಿದ್ದ. ಅವನಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ ಎಂದು ಅವನೇ ಹೇಳುತ್ತಿದ್ದ. ಪಿಕಪ್ಪಿನ ಹಿಂಭಾಗದಿಂದ ಕೆಲವು ತಿಂಗಳಿಂದ ಒಂದು ಊಳು ಕೇಳಿಸುತ್ತಿತ್ತು, ದೂರದಲ್ಲೆಲ್ಲೋ ಭಜನೆ ನಡೆದ ಹಾಗೆ. ಶಂಕ್ರಣ್ಣ ಒಂದು ಸುತ್ತು ಓಡಿಸಿ ಬಂದು ಹಿಂದಿನ ಡಿಫರೆನ್ಶಿಯಲ್ ಹೋಗಿದೆ ಎಂದ. ಹಿಂದಿನ ಎರಡು ಗಾಲಿಗಳ ನಡುವೆ ಹೊಟ್ಟೆಯಂತೆ ಉಬ್ಬಿರುವ ಕಬ್ಬಿಣದ ಗೋಳ ಅದು. ಎಂಜಿನ್ನಿನಿಂದ ಬಂದ ಬಲವನ್ನು ಎರಡೂ ಗಾಲಿಗೆ ಹಂಚುವುದು ಅದರ ಕೆಲಸ. ಹಳೆಯದರ ಹಂಚಿಕೆ ಹೇಗಿತ್ತೆಂದರೆ, ಯಾವ ಗಾಲಿ ಕೆಸರಿನಲ್ಲಿ ಸುಮ್ಮನೆ ತಿರುಗುತ್ತಿದೆಯೋ ಅದಕ್ಕೇ ಬಲವೆಲ್ಲ ಹೋಗುತ್ತಿತ್ತು, ಗಟ್ಟಿ ನೆಲದ ಮೇಲಿದ್ದು ಕೆಲಸ ಮಾಡಬಲ್ಲ ಗಾಲಿಗೆ ಏನೂ ಸಿಗುತ್ತಿರಲಿಲ್ಲ. ಇದನ್ನು ಕೇಳಿದಾಗ ನನಗೆ ನಮ್ಮ ಕಚೇರಿಯ ನೆನಪಾಗಿ ಯಂತ್ರಶಾಸ್ತ್ರ ಒಮ್ಮೆಲೇ ಅರ್ಥವಾಯಿತು.

ಹೇಗೂ ಬಿಚ್ಚುವುದೇ ಆದಮೇಲೆ ಅದೇ ಹಳೆಯದನ್ನು ಯಾಕೆ ಕೂರಿಸಬೇಕು ಎಂದು ಶಂಕ್ರಣ್ಣ ವಾದಿಸಿದ. ದೊಡ್ಡ ಗಾಡಿಯೊಂದರ ಡಿಫರೆನ್ಶಿಯಲ್ ಅವನ ಕಣ್ಣಿಗೆ ಬಿದ್ದಿತ್ತು. ಎರಡೂ ಗಾಲಿಗೆ ಬಲ ಬಿಡದೆ ಕೊಡುವಂಥದ್ದು, ಹಲ್ಲುಗಳ ಲೆಕ್ಕವೂ ಬೇರೆ. ಗಾಡಿಯ ವೇಗ ತುಸು ಕಡಿಮೆಯಾಗುತ್ತದೆ, ಆದರೆ ಎಳೆಯುವ ಶಕ್ತಿ ಆನೆಯದು. ಮಾವನವರು ಶೆಡ್ಡಿನ ಸ್ಟೂಲಿನ ಮೇಲೆ ಕೂತು ಈ ಮಾತನ್ನು ಪುರಾಣ ಕೇಳುವವರಂತೆ ಕೇಳಿದರು. ಅವರ ಮುಖದಲ್ಲಿ ಆಗಲೇ ಗಾಡಿ ಹೊಲ ಮುಟ್ಟಿಬಿಟ್ಟಿತ್ತು.

ಆಗ ನಾನು ನನ್ನ ವೃತ್ತಿಗೆ ತಕ್ಕ ಒಂದು ಪ್ರಶ್ನೆ ಕೇಳಿದೆ. ಇದನ್ನು ಮುಂದೆ ಯಾರೂ ಅಲ್ಲಗಳೆಯಬಾರದೆಂದು ಇಲ್ಲಿ ದಾಖಲಿಸುತ್ತಿದ್ದೇನೆ. ಈ ಗಾಡಿಯ ಮುಂದಿನ ಗಾಲಿಗಳ ನಡುವೆಯೂ ಇಂಥದ್ದೇ ಒಂದು ಗೋಳವಿದೆಯಲ್ಲ, ಹಿಂದಿನದನ್ನು ಬದಲಿಸಿದರೆ ಮುಂದಿನದನ್ನೂ ಬದಲಿಸಬೇಕಾಗುವುದಿಲ್ಲವೇ ಎಂದೆ.

‘ಏನೂ ಬ್ಯಾಡ್ರಿ ಸಾಹೇಬ್ರ,’ ಎಂದ ಶಂಕ್ರಣ್ಣ. ‘ಹಿಂದಿಂದೊಂದ ಸಾಕು. ಪೇಪರ್‌ನ್ಯಾಗೂ ಬಂದದಲ್ರಿ, ನಿಮ್ಮ ಪೇಪರ್‌ನ್ಯಾಗ.’

ನಮ್ಮ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ವಾಹನಗಳ ಬಗ್ಗೆ ಜೋಗಳೇಕರ್ ಎಂಬ ನಿವೃತ್ತ ಎಂಜಿನಿಯರರು ಬರೆಯುತ್ತಿದ್ದರು. ಹಳೆಯ ಗಾಡಿಗಳ ಡಿಫರೆನ್ಶಿಯಲ್ ಬಗ್ಗೆ ಬೇಸಿಗೆಯಲ್ಲಿ ಅವರ ಬರಹ ಬಂದದ್ದು ನನಗೂ ನೆನಪಿತ್ತು. ನೆನಪಿರದೆ ಏನು, ಆ ಪುಟ ನೋಡಿಕೊಂಡವನು ನಾನೇ. ‘ಹಿಂದಿನದನ್ನು ಬದಲಿಸಿದರೆ ಮುದಿ ಗಾಡಿಗೆ ಹರೆಯ ಬರುತ್ತದೆ’ ಎಂಬ ಅವರ ವಾಕ್ಯಕ್ಕೆ ನಾನೇ ತಲೆಬರಹದ ಗೌರವ ಕೊಟ್ಟಿದ್ದೆ. ಮೆಕ್ಯಾನಿಕ್ ಒಬ್ಬ ಹೇಳಿದ, ಪತ್ರಿಕೆಯೂ ಹೇಳಿದೆ. ವದಂತಿ ಸುದ್ದಿಯಾಯಿತು. ಕೂರಿಸಪ್ಪಾ ಎಂದೆ.

ಶಂಕ್ರಣ್ಣ ಕೂರಿಸಿದ. ಸುಳ್ಳು ಹೇಳಬಾರದು, ಕೆಲಸ ಚೆನ್ನಾಗಿತ್ತು. ಊಳು ನಿಂತಿತು. ಹತ್ತಿರದ ಏರುದಾರಿಯಲ್ಲಿ ಕಲ್ಲು ಹೇರಿಕೊಂಡು ಹತ್ತಿಸಿ ತೋರಿಸಿದ. ಮಾವನವರು ಮನೆಗೆ ಬಂದು ಮಗಳಿಗೆ ಆ ಏರನ್ನು ಅಂಗೈಯಲ್ಲಿ ಹತ್ತಿಸಿ ತೋರಿಸಿದರು. ಸರೋಜಾ ಹಿಟ್ಟು ನಾದುತ್ತಾ, ‘ಹೊಲ ಮುಟ್ಟಲಿ, ಆಮ್ಯಾಲ ಹೇಳು’ ಎಂದಳು. ಹಾಗೆಂದವಳು ಆ ವರ್ಷ ಹೋಳಿಗೆ ಮಾತ್ರ ಹೆಚ್ಚಿಗೆ ಮಾಡಿದಳು.

ಶೀಗೀ ಹುಣ್ಣಿಮೆಯ ದಿನ ಗಾಡಿ ನಡೆಸಿದವನು ನಾನು. ಮಾವನವರ ಮೊಣಕಾಲಿಗೆ ಕ್ಲಚ್ ಆಗುತ್ತಿರಲಿಲ್ಲ. ಅವರು ನಡುವೆ ಕೂತರು. ಆ ಜಾಗದಲ್ಲಿ ಕೂರುವವರ ಎದುರಿಗೇ ಒಂದು ಗಿಡ್ಡ ಲಿವರ್ ಇತ್ತು, ಅದನ್ನು ಎಳೆದರೆ ಮುಂದಿನ ಗಾಲಿಗಳಿಗೂ ಬಲ ಹೋಗುವುದು. ಅವರು ಪುಣೆ ಬಿಟ್ಟಾಗಿನಿಂದ ಅದರ ಮೇಲೆ ಕೈಯಿಟ್ಟುಕೊಂಡೇ ಇದ್ದರು. ಕಿಟಕಿಯ ಕಡೆ ಸರೋಜಾ, ತೊಡೆಯ ಮೇಲೆ ಚರಗದ ಬುಟ್ಟಿ. ಹಿಂದೆ ತೊಟ್ಟಿಯಲ್ಲಿ ಅವಳ ಚಿಕ್ಕಮ್ಮನ ಮನೆಯವರು, ಅವರ ಪಾತ್ರೆಗಳು. ದಾರಿಯುದ್ದಕ್ಕೂ ಮಾವನವರು ನನಗೆ ಗೇರು ಹೇಳಿಕೊಡುತ್ತಾ ಬಂದರು. ನಾನು ಹಾಕಿದ್ದು ಸರಿಯಿದ್ದಾಗ ಅದನ್ನು ತಾವು ಹೇಳಿದ್ದರಿಂದ ಎಂದರು, ತಪ್ಪಿದಾಗ ದೇವರ ಹೆಸರು ಹೇಳಿದರು.

ಕೆಸರು ಬಂತು. ಹಿಂದಿನ ವರ್ಷ ಹೂತ ಜಾಗ ನೀರು ನಿಂತು ಕಾಯುತ್ತಿತ್ತು. ನಾನು ಉಸಿರು ಹಿಡಿದು ನುಗ್ಗಿಸಿದೆ. ಹೇಳಿದರೆ ನಂಬಬೇಕು, ಗಾಡಿ ಹಿಂದಿನ ಎರಡೇ ಗಾಲಿಗಳ ಮೇಲೆ, ಎಮ್ಮೆ ಹಳ್ಳ ದಾಟುವ ಹಾಗೆ, ಅವಸರವಿಲ್ಲದೆ ದಾಟಿತು. ತೊಟ್ಟಿಯಿಂದ ಚಿಕ್ಕಮ್ಮ ಜಯಕಾರ ಹಾಕಿದರು. ಮಾವನವರ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದೆ, ನೋಡದವನಂತೆ ಗಾಜು ಒರೆಸಿದೆ.

ಅಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಬಂಧವೂ ಅಲ್ಲಿಗೆ ನಿಲ್ಲುತ್ತಿತ್ತು. ಆದರೆ ಮುಂದೆ ಇನ್ನೊಂದು ಚಿಕ್ಕ ರೊಜ್ಜು, ಅದರಾಚೆ ಗಟ್ಟಿ ಮುರಂ ಕಲ್ಲುಮಣ್ಣು ಹಾಕಿದ ದಿಣ್ಣೆ, ದಿಣ್ಣೆ ಇಳಿದರೆ ನಮ್ಮ ಹೊಲ. ಕೊನೆಯ ಗಳಿಗೆಯಲ್ಲಿ ಎಡವಬಾರದೆಂಬ ಎಚ್ಚರ ನಮ್ಮ ವೃತ್ತಿಯವರಿಗೆ ಹೆಚ್ಚು. ‘ಮಾಮಾ, ಈಗ ನಾಲ್ಕೂ ಗಾಲಿ ಹಾಕ್ರಿ, ಸೇಫ್ ಇರ್ತದ’ ಎಂದೆ. ವರ್ಷವೆಲ್ಲ ಆ ಮಾತಿಗೇ ಕಾದಿದ್ದವರಂತೆ ಅವರು ಲಿವರ್ ಎಳೆದರು.

ರೊಜ್ಜಿನಲ್ಲಿ ಗಾಡಿ ಏನನ್ನೋ ಗೊಣಗಿತು. ದಿಣ್ಣೆಯ ಗಟ್ಟಿ ನೆಲಕ್ಕೆ ಬಂದದ್ದೇ ತಡ, ಗೊಣಗು ಜಗಳವಾಯಿತು. ಮುಂದಿನ ಗಾಲಿಗಳಿಗೆ ಹಳೆಯ ಅವಸರ, ಹಿಂದಿನವಕ್ಕೆ ಹೊಸದಾಗಿ ಬಂದ ನಿಧಾನ. ಇವು ಎಳೆಯುತ್ತವೆ, ಅವು ತಡೆಯುತ್ತವೆ, ನಡುವೆ ಕೂತ ಯಂತ್ರಕ್ಕೆ ಯಾರ ಮಾತು ಕೇಳಬೇಕೋ ತಿಳಿಯದು. ಅಂಥ ಸ್ಥಿತಿಯನ್ನು ಹೆಂಡತಿ, ಮಾವನವರ ಜೊತೆ ಒಂದೇ ಸೀಟಿನಲ್ಲಿ ಕೂತ ನನಗಿಂತ ಚೆನ್ನಾಗಿ ಯಾರೂ ಬಲ್ಲವರಿಲ್ಲ. ಗಾಡಿ ಕುಪ್ಪಳಿಸಿತು, ಕಿರುಚಿತು, ಒಳಗೆಲ್ಲೋ ‘ಧಡ್’ ಎಂದು ಬಿಗಿದುಕೊಂಡು ದಿಣ್ಣೆಯ ನೆತ್ತಿಯ ಮೇಲೆ ನಿಂತುಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಲಿವರನ್ನು ಮಾವನವರು ಎರಡು ಕೈಯಿಂದ ತಳ್ಳಿದರು, ನಾನು ಕಾಲಿನಿಂದ ತಳ್ಳಿದೆ. ಅದು ಬೇರು ಬಿಟ್ಟಿತ್ತು. ಇಳಿದು ನೋಡಿದರೆ ಗಾಲಿಗಳಿಗೆ ಕೆಸರು ಕೂಡ ಹೆಚ್ಚು ಅಂಟಿರಲಿಲ್ಲ. ಎದುರಿಗೇ ನಮ್ಮ ಹೊಲ ಕಾಣಿಸುತ್ತಿತ್ತು, ಆದರೆ ದಿಣ್ಣೆಗೂ ಅದಕ್ಕೂ ನಡುವೆ ಜಾರುವ ಇಳಿಜಾರು.

ಮಾವನವರೇ ಮೊದಲು ಬಾಯಿ ಬಿಟ್ಟರು. ಜೀವನಪೂರ್ತಿ ಸರಕಾರಿ ಎಂಜಿನಿಯರರ ಜೊತೆ ಕರಾರಿನ ಶಬ್ದ ಹಿಡಿದು ವಾದಿಸಿದವರು. ‘ಹೂತಿಲ್ಲ ಸರೂ,’ ಎಂದರು ಮಗಳಿಗೆ, ‘ನಿಂತದ.’

‘ಹೂತ್ರ ಬಬನರಾವ್ ಎಳೀತಾನ,’ ಎಂದಳು ಸರೋಜಾ. ‘ನಿಂತಿದ್ದನ್ನ ಯಾರು ಎಳೀಬೇಕು?’

ಬಬನರಾವ್ ಬಂದೇ ಬಂದ. ಅವನೂ ಹಬ್ಬದ ಊಟಕ್ಕೆ ಮನೆಗೆ ಹೊರಟವನು, ನಮ್ಮ ಗಾಡಿ ದಾರಿಗೆ ಅಡ್ಡ ನಿಂತದ್ದರಿಂದ ಟ್ರ್ಯಾಕ್ಟರ್ ಮುಂದೆ ತರಲಾಗದೆ ಇಳಿದು ನಡೆದು ಬಂದ. ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಒಣ ನೆಲದ ಮೇಲೆ ಸಿಕ್ಕಿಕೊಂಡ ಗಾಡಿಯನ್ನು ಅವನು ಹಿಂದೆ ನೋಡಿರಲಿಕ್ಕಿಲ್ಲ, ಮುಖದಲ್ಲಿ ಅಷ್ಟು ಗೌರವವಿತ್ತು. ಈ ಸಲ ಅವನು ಎತ್ತಿನ ಗಾಡಿಯ ಮಾತೆತ್ತಲಿಲ್ಲ. ಒಳಗೆ ಕೂತ ಮಾವನವರನ್ನೂ, ಸರೋಜಾಳ ಕೈಯ ಬುಟ್ಟಿಯನ್ನೂ ನೋಡಿ, ದಿಣ್ಣೆಯ ಎಡಕ್ಕಿದ್ದ ತನ್ನ ಹೊಲವನ್ನು ತೋರಿಸಿದ. ‘ಕಾಕಾ, ಇಥಂಚ ಟಾಕಾ ಕಿ. ಮಾತೀ ತೀಚ ಆಹೇ.’ ಇಲ್ಲೇ ಚೆಲ್ಲಿ, ಮಣ್ಣು ಅದೇ ತಾನೆ ಎಂದ.

ಮಾವನವರು ಬಹಳ ಹೊತ್ತು ತಮ್ಮ ಹೊಲದ ಕಡೆಗೇ ನೋಡಿದರು. ಆಮೇಲೆ ನನ್ನ ಹೆಗಲು ಹಿಡಿದು ಇಳಿದು, ಹಿಂದಿನ ತೊಟ್ಟಿಗೆ ಹತ್ತಿಸಿರಿ ಎಂದರು. ನಾನೂ ಬಬನರಾವನೂ ಸೇರಿ ಹತ್ತಿಸಿದೆವು. ತಮ್ಮ ಪಿಕಪ್ಪಿನ ತೊಟ್ಟಿಯಲ್ಲಿ ನೆಟ್ಟಗೆ ನಿಂತು, ಅವರು ಬುಟ್ಟಿಯಿಂದ ಮುಷ್ಟಿ ಮುಷ್ಟಿ ತೆಗೆದು ಬಬನರಾವನ ಹೊಲಕ್ಕೆ ಚರಗ ಚೆಲ್ಲಿದರು. ಕೂಗು ಹಾಕಿದರು. ಚಿಕ್ಕಮ್ಮನ ಮನೆಯವರು ದನಿಗೂಡಿಸಿದರು. ಬಬನರಾವನಿಗೆ ಅರ್ಥವಾಗಲಿಲ್ಲ, ಆದರೂ ಟೋಪಿ ಸರಿಪಡಿಸಿಕೊಂಡು ಅವನೂ ಕೂಗಿದ. ನಮ್ಮ ಹೊಲಕ್ಕೆ ಸರೋಜಾ ಒಬ್ಬಳೇ ಸೀರೆ ಎತ್ತಿ ಕಟ್ಟಿ ಇಳಿದು ಹೋಗಿ ನಾಲ್ಕು ತುತ್ತು ಹಾಕಿ ಬಂದಳು. ಆ ಹಂಗಾಮಿನಲ್ಲಿ ಬಬನರಾವನ ಜೋಳ ಆಳೆತ್ತರ ಬೆಳೆಯಿತು, ನಮ್ಮದು ಸೊಂಟಕ್ಕೆ ನಿಂತಿತು. ಮಾವನವರಿಗೆ ಇದರ ಬಗ್ಗೆ ಇಂದಿಗೂ ಸಣ್ಣ ಅಸಮಾಧಾನವಿದೆ.

ಊಟವಾದ ಮೇಲೆ ಬಬನರಾವ್ ಹೊಲ ಬಳಸಿ ಟ್ರ್ಯಾಕ್ಟರನ್ನು ಎದುರಿಗೆ ತಂದು ಗಾಡಿಯನ್ನು ತುಸು ಹಿಂದಕ್ಕೆ ದೂಡಿದ. ಬಿಗಿ ಸಡಿಲಿ, ಲಿವರ್ ಏನೂ ನಡೆದೇ ಇಲ್ಲವೆಂಬಂತೆ ತಾನಾಗಿ ಬಿಟ್ಟುಕೊಂಡಿತು. ಎರಡೇ ಗಾಲಿಯ ಬಲದಲ್ಲಿ ಅದೇ ಕೆಸರನ್ನು ದಾಟಿ ಮನೆಗೆ ಬಂದೆವು.

ಮಾರನೆಯ ದಿನ ವಿಚಾರಣೆ ಶುರುವಾಯಿತು. ಶಂಕ್ರಣ್ಣ ತಾನೇನು ಮಾಡಲಿ, ಪೇಪರಿನವರು ಬರೆದಿದ್ದರು ಎಂದ. ಮಾವನವರ ಸಿಟ್ಟು ಪಿಂಪ್ರಿಯಿಂದ ಹೊರಟು ಸೀದಾ ನಮ್ಮ ಕಚೇರಿಗೆ ಬಂತು. ‘ಅಳಿಯಂದ್ರ, ಆ ಬರದಾಂವನ್ನ ಒಂದ ಮಾತ ಕೇಳಿ ಬರ್ರಿ’ ಎಂದು ನನ್ನನ್ನು ಕಳಿಸಿದರು. ನಾನೂ ನ್ಯಾಯಬದ್ಧವಾದ ಸಿಟ್ಟಿನಿಂದಲೇ ಹೋದೆ. ಜೋಗಳೇಕರ್ ಆ ದಿನ ಬರಹ ಕೊಡಲು ಬಂದು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದರು. ಓದುಗರು ನಿಮ್ಮ ಮಾತು ನಂಬಿ ದಿಣ್ಣೆಯ ಮೇಲೆ ನಿಲ್ಲುತ್ತಿದ್ದಾರೆ, ನಾಲ್ಕು ಗಾಲಿಯ ಗಾಡಿಗೆ ಮುಂದಿನದೂ ಹಿಂದಿನದೂ ಒಂದೇ ಲೆಕ್ಕದಲ್ಲಿರಬೇಕೆಂದು ಒಂದು ಸಾಲು ಬರೆಯಲು ನಿಮಗೇನಾಗಿತ್ತು ಎಂದೆ.

ಅವರು ಚಹಾ ಮುಗಿಸಿದರು. ಪುಣೆಯ ಜನ ಅವಸರವಿಲ್ಲದೆ ಚುಚ್ಚುತ್ತಾರೆ. ಬರೆದಿದ್ದೆನಲ್ಲ, ಒಂದು ಸಾಲಲ್ಲ, ಇಡೀ ಪ್ಯಾರಾ ಬರೆದಿದ್ದೆ, ಕೊನೆಯದು, ಅಚ್ಚಾಗಲಿಲ್ಲ ಎಂದರು. ಆ ದಿನ ಸೀರೆ ಸೇಲಿನ ಒಂದು ಜಾಹೀರಾತು ತಡವಾಗಿ ಬಂದಿತ್ತಂತೆ. ಡೆಸ್ಕಿನಲ್ಲಿ ಯಾರಿದ್ದರೋ ತಮಗೆ ಗೊತ್ತಿಲ್ಲ ಎಂದು ಬಹಳ ಮೃದುವಾಗಿ ಹೇಳಿ, ನನ್ನನ್ನೇ ನೋಡುತ್ತಾ ಲೋಟ ಕೆಳಗಿಟ್ಟರು. ನನಗೆ ಆ ಸೀರೆ ನೆನಪಾಯಿತು, ಅದರ ಅಂಚು ಕೂಡ. ಆ ಅಂಚಿನ ಅಡಿಯಲ್ಲಿ ಏನು ಮುಚ್ಚಿಹೋಗಿತ್ತೆಂಬುದು ಮಾತ್ರ ನೆನಪಾಗಲಿಲ್ಲ, ಯಾಕೆಂದರೆ ಅದನ್ನು ಓದದೆಯೇ ಕತ್ತರಿಸಿದ್ದೆ. ಬಾಲವನ್ನು ಯಾರು ಓದುತ್ತಾರೆ?

ಆ ರಾತ್ರಿ ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿದೆ. ರೂಢಿಯಂತೆ ಮುಖ್ಯವಾದದ್ದನ್ನು ಮೊದಲು ಹೇಳಿದೆ. ಮುಂದಿನ ಗಾಲಿಯ ಕಡೆಗೆ ಹೋಗುವ ದಂಡವನ್ನು ಶಂಕ್ರಣ್ಣ ಬಿಚ್ಚಿಡುತ್ತಾನೆ, ಗಾಡಿ ಹಿಂದಿನ ಗಾಲಿಯ ಮೇಲೇ ಓಡುತ್ತದೆ, ಕೆಸರನ್ನೂ ದಾಟುತ್ತದೆ ಎಂದೆ. ಹಾಗಾದರೆ ಮಾರುವ ಮಾತೇನು ಎಂದು ಮಾವನವರು ಮಗಳನ್ನು ನೋಡಿದರು. ಅವಳು, ಇಟ್ಟಂಗಿಯವನು ಬೆಳಿಗ್ಗೆ ಬಂದಿದ್ದ, ಗಾಡಿ ಓಡಿಸಿ ನೋಡುವೆನೆಂದು ಆ ಲಿವರನ್ನೇ ಎಳೆದ, ಗೇಟಿನವರೆಗೂ ಹೋಗಲಾಗದೆ ನಮಸ್ಕಾರ ಹೇಳಿ ಹೋದ ಎಂದಳು. ಹಾಗೆನ್ನುವಾಗ ಅವಳು ತಟ್ಟೆ ನೋಡುತ್ತಿದ್ದಳು, ಆದರೆ ನಗುತ್ತಿದ್ದಳೆಂದು ನನ್ನ ಅನುಮಾನ. ಮಾವನವರು ಸಮಾಧಾನದಿಂದ ಕೈತೊಳೆಯಲು ಎದ್ದರು. ಆ ಹೊತ್ತಿಗೆ ನಾನು ಸೀರೆ ಸೇಲಿನ ಭಾಗಕ್ಕೆ ಬಂದಿದ್ದೆ. ನಲ್ಲಿಯ ಸದ್ದಿನಲ್ಲಿ ಅವರಿಗೆ ಅದು ಕೇಳಿಸಲಿಲ್ಲ. ಮೊದಲ ವಾಕ್ಯಕ್ಕೇ ಎದ್ದು ಹೋಗುವ ಸರೋಜಾ ಮಾತ್ರ ಆ ದಿನ ಕೊನೆಯವರೆಗೂ ಕೂತು ಕೇಳಿದಳು.

ಈಗ ಶೀಗೀ ಹುಣ್ಣಿಮೆಗೆ ಗಾಡಿ ಹೊಲದ ಬದುವಿನವರೆಗೂ ಹೋಗುತ್ತದೆ. ಮಾವನವರು ಅಂದು ಬೇರು ಬಿಟ್ಟಿದ್ದ ಆ ಲಿವರಿನ ಮೇಲೆ ಕೈಯಿಟ್ಟುಕೊಂಡೇ ಕೂರುತ್ತಾರೆ. ಅದು ಈಗ ಯಾವುದಕ್ಕೂ ತಗಲಿಲ್ಲ ಎಂದು ಅವರಿಗೆ ನೆನಪಿಸುವವರು ನಮ್ಮಲ್ಲಿ ಯಾರೂ ಇಲ್ಲ. ಊಟಕ್ಕೆ ಕೂತಾಗ ಯಾರಾದರೂ ಆ ದಿಣ್ಣೆಯ ಸಂಗತಿ ತೆಗೆದರೆ, ಪೇಪರಿನವರನ್ನು ಮನಸಾರೆ ಬೈದು, ಕೊನೆಗೆ ನನ್ನ ಬೆನ್ನ ಮೇಲೆ ಕೈಯಿಟ್ಟು ಹೇಳುತ್ತಾರೆ:

‘ನಮ್ಮ ಅಳಿಯಂದ್ರು ಬರಿಯೋರಲ್ಲಪ್ಪಾ, ತಿದ್ದೋರು. ಇವರ ಕೈಯಾಗ ಬಂದಿದ್ರ ಹಿಂಗ ಆಗ್ತಿರಲಿಲ್ಲ.’

ಸರೋಜಾ ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕುತ್ತಾಳೆ, ಅದರ ಅಂಚನ್ನು ಒಂದಿಷ್ಟು ಮುರಿದು ತಾನು ತೆಗೆದುಕೊಂಡು.